ಮೂವತ್ತೊಂದನೇ ಟೊಪ್ಪಿ

ದೆಜಿದೆರ್ ಟುಲೆಯ್ ಉರಿಯುವ ಕಟ್ಟಡಗಳಿಂದ ನಾಲ್ಕು ಸಾವಿರದ ಮುನ್ನೂರು ಸಲ ಜೀವಂತ ಹೊರಗೆ ಬಂದವನು. ಮೈಮೇಲೆ ಒಂದು ಬೊಬ್ಬೆ ಇಲ್ಲ. ಮೀಸೆಯ ಒಂದು ಕೂದಲು ಸೀದಿಲ್ಲ. ಯೂರೋಪಿನಲ್ಲಿ ಯಾವ ಬಾಗಿಲು ಎಷ್ಟು ಅಗಲ ಇರಬೇಕು ಅಂತ ತೀರ್ಮಾನ ಮಾಡಿದವನೂ ಅವನೇ. ವಿಮಾನ ನಿಲ್ದಾಣದ ಬಾಗಿಲು, ಮಂತ್ರಿಗಳ ಕಚೇರಿಯ ಬಾಗಿಲು, ವಿಯೆನ್ನಾದ ನಾಟಕಶಾಲೆಯ ಬಾಗಿಲು, ಎಲ್ಲಕ್ಕೂ ಅವನ ಭುಜವೇ ಅಳತೆಗೋಲು. ಅವನು ಎರಡು ದಿನ ಜ್ವರ ಬಂದು ಮಲಗಿದರೆ ಸ್ಲೊವಾಕಿಯಾ ದೇಶದಲ್ಲಿ ಕಟ್ಟಡ ಕಟ್ಟುವುದೇ ನಿಂತುಹೋಗುತ್ತಿತ್ತು.

ಅನುಮಾನ ಇದ್ದವರು ಯಾರೊಕ್ ಅನ್ನುವಲ್ಲಿಗೆ ಹೋಗಿ ಕೇಳಬಹುದು. ಪಟ್ಟಣ ಮುಗಿದು, ಡಾಂಬರು ಮುಗಿದು, ತೊರೆಯ ಮರದ ಸೇತುವೆ ದಾಟಿದರೆ ಸಿಗುವ ರೋಮಾ ಜನರ ಕೇರಿ ಅದು. ನಾನೂರು ಜನ, ಒಂದು ನಲ್ಲಿ. ಅಲ್ಲಿ ಎದೆಹಾಲು ಕುಡಿಯುವ ಕೂಸುಗಳಿಗೂ ಇದು ಗೊತ್ತು. ದೆಜಿದೆರ್, ಕೇರಿಯವರ ಬಾಯಲ್ಲಿ ದೆಜೊ, ದಿನಕ್ಕೆ ಎರಡು ಸಲ ಹೇಳುತ್ತಿದ್ದನಲ್ಲ, ಗೊತ್ತಿರದೆ ಏನು?

ಆಳು ಎತ್ತರ. ಅವನ ಲೆಕ್ಕದಲ್ಲಿ ಏಳಡಿ, ಅಳೆದವರ ಲೆಕ್ಕದಲ್ಲಿ ಆರಡಿ ಮೂರಂಗುಲ. ಯಾವ ಬಾಗಿಲು ದಾಟಿದರೂ ಬಲಗೈ ಎತ್ತಿ ಮೇಲಿನ ಪಟ್ಟಿಗೆ ಫಟ್ ಅಂತ ಒಂದು ಏಟು ಹಾಕುವುದು ಅವನ ಚಾಳಿ. ಯಾಕೋ ಅಂದರೆ, "ಯಾರು ಹೋದರು ಅಂತ ಬಾಗಿಲಿಗೂ ಗೊತ್ತಾಗಲಿ" ಅನ್ನುತ್ತಿದ್ದ. ಯಾರೊಕಿನ ಹೆಂಗಸರು ಒಲೆಯ ಮುಂದೆ ಕೂತು, ತಲೆ ಎತ್ತದೆ, ಶಬ್ದದಿಂದಲೇ ಹೇಳುತ್ತಿದ್ದರು: ಬಂದ ನೋಡು, ರಾಜ.

ಆ ನವೆಂಬರಿನ ಬೆಳಿಗ್ಗೆ ಪಟ್ಟಣದ ಸಂಸ್ಕೃತಿ ಭವನದ ಬಾಗಿಲನ್ನು ಅವನು ಬಗ್ಗಿ ದಾಟಿದ. ಎರಡೂ ಕೈ ಕೋಟಿನ ಜೇಬಿನಲ್ಲಿದ್ದವು.

ಒಳಗೆ ಬೆಂಕಿ ಅನಾಹುತವೊಂದರ ವಿಚಾರಣೆ. ವೇದಿಕೆಯ ಮೇಲೆ ಉದ್ದ ಮೇಜು, ಮೇಜಿನ ನಡುವೆ ಆಯೋಗದ ಅಧ್ಯಕ್ಷೆ, ಬೂದು ಕೂದಲಿನ ಹೆಂಗಸು. ಬಲಕ್ಕೆ ಇಂಜಿನಿಯರ್ ವ್ರಾಬೆಲ್. ಮುಂದಿನ ಬೆಂಚಿನಲ್ಲಿ ಒಬ್ಬಳೇ ಮಾರ್ಗಿತಾ, ಎಡಗೈಗೆ ಇನ್ನೂ ಬ್ಯಾಂಡೇಜು. ದೆಜೊನ ಚಿಕ್ಕಮ್ಮನ ಮಗಳು. ಯಾರೊಕಿನ ಉಳಿದವರನ್ನು ಕೊನೆಯ ಎರಡು ಸಾಲಿನಲ್ಲಿ ಕೂರಿಸಿದ್ದರು. ಮಧ್ಯದ ಹತ್ತು ಸಾಲು ಖಾಲಿ.

"ಬನ್ನಿ, ಪಾನ್ ಟುಲೆಯ್," ಅಂದ ವ್ರಾಬೆಲ್. "ಕೂತ್ಕೊಳ್ಳಿ."

ಪಾನ್ ಅಂದರೆ ಶ್ರೀಯುತರು. ದೆಜೊನ ನಲವತ್ತೊಂಬತ್ತು ವರ್ಷದ ಬದುಕಿನಲ್ಲಿ ಪಟ್ಟಣದವರು ಅವನನ್ನು ರೋಮಾ ಜನರನ್ನು ಹೀಯಾಳಿಸುವ ಮಾತಿನಲ್ಲಿ ಸಿಗಾನ್ ಅಂತ ಉಗುಳಿದ್ದಾರೆ, ಲೋ ಉದ್ದ ಅಂತ ಕೂಗಿದ್ದಾರೆ, ಶಿಳ್ಳೆ ಹಾಕಿ ಕರೆದಿದ್ದಾರೆ. ಪಾನ್ ಅಂದವನು ವ್ರಾಬೆಲ್ ಒಬ್ಬನೇ. ಇಡೀ ಕಥೆ ಅಲ್ಲಿಂದಲೇ ಶುರುವಾದದ್ದು.

ಮೇ ತಿಂಗಳಲ್ಲಿ ವ್ರಾಬೆಲ್ ಮುಚ್ಚಿಹೋದ ಶಾಲೆಯ ವ್ಯಾಯಾಮದ ಹಾಲನ್ನು ಬಾಡಿಗೆಗೆ ಹಿಡಿದ. ಒಳಗೆ ಪ್ಲೈವುಡ್ ಗೋಡೆಗಳನ್ನು ನಿಲ್ಲಿಸಿದ. ನಡುವೆ ತೊಂಬತ್ತು ಸೆಂಟಿಮೀಟರಿನ ಒಂದು ಬಾಗಿಲು. ಚಾವಣಿಗೆ ಕ್ಯಾಮೆರಾ. ಎಂಬತ್ತು ಜನ ಬೇಕು, ಅವರ ತಲೆಗೆ ಒಂದೊಂದು ಬಿಳಿ ಟೊಪ್ಪಿ, ಟೊಪ್ಪಿಯ ಮೇಲೆ ನಂಬರು. ಗಂಟೆ ಬಾರಿಸಿದ ಕೂಡಲೇ ಎಂಬತ್ತೂ ಜನ ಬಾಗಿಲಿಂದ ಹೊರಗೆ ಬರಬೇಕು. ಮೇಲಿನಿಂದ ಕ್ಯಾಮೆರಾ ಟೊಪ್ಪಿಗಳನ್ನು ನೋಡುತ್ತದೆ. ಜನ ನಡೆದ ಹಾಗೆ ಕಂಪ್ಯೂಟರಿನೊಳಗೆ ಚುಕ್ಕೆಗಳು ನಡೆಯಲು ಕಲಿಯುತ್ತವೆ. ಆಮೇಲೆ ಆ ಚುಕ್ಕೆಗಳನ್ನು ಇನ್ನೂ ಕಟ್ಟದ ಕಟ್ಟಡದೊಳಗೆ ಬಿಟ್ಟು, ಬೆಂಕಿ ಬಿದ್ದರೆ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಅಂತ ನೋಡುವುದು. ಇದಕ್ಕೆ ಅವರು ಮಾದರಿ ಅನ್ನುತ್ತಿದ್ದರು.

ಮೊದಲು ವಿದ್ಯಾರ್ಥಿಗಳು ಬಂದರು. ಸೆಖೆ ಅಂದರು, ಫ್ಯಾನು ಕೇಳಿದರು, ಮಧ್ಯಾಹ್ನಕ್ಕೆ ಹೋಗಿಬಿಟ್ಟರು. ಮಾರನೇ ದಿನದಿಂದ ಯಾರೊಕಿನವರನ್ನು ಕರೆದರು. ಯಾರೊಕಿನವರು ಫ್ಯಾನು ಕೇಳಲಿಲ್ಲ. ಹೇಗೂ ಆ ಬಾಗಿಲು ಯಾರೊಕಿಗಾಗಿಯೇ ಇತ್ತು. ಪಟ್ಟಣದ ಅಂಚಿನಲ್ಲಿ ದೊಡ್ಡ ಲಾಂಡ್ರಿಯೊಂದು ಏಳುತ್ತಿತ್ತು. ಗಡಿಯಾಚೆಯ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಕಾರ್ಖಾನೆ. ಅಲ್ಲಿ ಬೇಯುವ ಕೆಲಸಕ್ಕೆ ಯಾರೊಕಿನ ಹೆಂಗಸರನ್ನೇ ಗೊತ್ತುಮಾಡಿದ್ದರು. ಕಟ್ಟಡಕ್ಕೆ ಒಂದು ಬಾಗಿಲು ಸಾಕೋ ಎರಡು ಬೇಕೋ ಅನ್ನುವುದು ಪ್ರಶ್ನೆ.

ಟೊಪ್ಪಿ ಹಂಚಿದ ಹುಡುಗಿ ರಬ್ಬರ್ ಗ್ಲೌಸ್ ಹಾಕಿಕೊಂಡಿದ್ದಳು. ಪ್ರತಿ ತಲೆಗೂ ಮೊದಲು ಹೇನಿನ ಔಷಧಿ ಸಿಂಪಡಿಸಿದಳು. ಕಣ್ಣು ಮುಚ್ಚಿ ಅಂತಲೂ ಹೇಳಲಿಲ್ಲ. ಒಳಗಿನ ಕಕ್ಕಸಿಗೆ ಬೀಗ. ಅಂಗಳದಲ್ಲಿ ಇವರಿಗೆಂದು ಪ್ಲಾಸ್ಟಿಕ್ಕಿನ ಒಂದು ನೀಲಿ ಕಕ್ಕಸು ಡಬ್ಬ.

"ನಡೆಯೋದು ಕಲಿಸೋಕೆ ಇಂಜಿನಿಯರ್ ಬೇಕೇನೋ ದೆಜೊ?" ಅಂದಳು ಎತೆಲ, ಉರಿಯುವ ಕಣ್ಣು ಒರೆಸಿಕೊಳ್ಳುತ್ತ. "ನನ್ನ ಮೊಮ್ಮಗಳು ಹತ್ತು ತಿಂಗಳಿಗೇ ಕಲ್ತಳು. ಅವಳಿಗೆ ಯಾರೂ ಟೊಪ್ಪಿ ಹಾಕಿರಲಿಲ್ಲ."

ಎತೆಲ ಅಂದರೆ ಮಾರ್ಗಿತಾಳ ತಾಯಿ, ದೆಜೊನ ಚಿಕ್ಕಮ್ಮ. ಅವನನ್ನು ಎತ್ತಿ ಆಡಿಸಿ ಸಾಕಿದವಳು. ಅರವತ್ತನಾಲ್ಕು ವರ್ಷ. ದೆಜೊನ ಎದೆಯವರೆಗೆ ಬರುತ್ತಿದ್ದಳು. ನಲವತ್ತು ವರ್ಷ ಆಸ್ಪತ್ರೆಯ ಒದ್ದೆ ಬಟ್ಟೆ ಎತ್ತಿ ಎತ್ತಿ ಬಲಸೊಂಟ ಸವೆದಿತ್ತು. ಒಂದು ಹೆಜ್ಜೆ ಇಟ್ಟು, ಇನ್ನೊಂದನ್ನು ಎಳೆದು, ನಡುವೆ ಒಂದು ಬೈಗುಳ ಬೈದು ಮುಂದೆ ಹೋಗುತ್ತಿದ್ದಳು. ಅವಳಿಗೆ ಕೊಟ್ಟದ್ದು ಮೂವತ್ತೊಂದನೇ ಟೊಪ್ಪಿ.

ಗಂಟೆ ಬಾರಿಸಿತು. ಮೊದಲ ಓಟಕ್ಕೇ ವ್ರಾಬೆಲ್‌ನ ತಲೆ ಕೆಟ್ಟಿತು.

ಯಾರೊಕಿನ ಗುಡಿಸಲುಗಳು ಹಲಗೆಯವು. ತಗಡಿನ ಒಲೆ. ಪ್ರತಿ ಚಳಿಗಾಲ ಒಂದೋ ಎರಡೋ ಉರಿಯುತ್ತವೆ. ಬೆಂಕಿ ಆರಿಸುವ ಗಾಡಿ ಸೇತುವೆಯ ಆಚೆಗೇ ನಿಲ್ಲುತ್ತದೆ, ಕೆಸರಿಗೆ ಇಳಿಯುವುದಿಲ್ಲ. ಹಾಗಾಗಿ ಯಾರೊಕಿನವರಿಗೆ ಒಂದೇ ಕ್ರಮ. ಹೊರಗೆ ಬಂದ ಕೂಡಲೇ ಹೊಸ್ತಿಲಲ್ಲೇ ನಿಂತು ಒಳಗಿದ್ದವರ ಹೆಸರು ಕೂಗಬೇಕು. ಕೂಗಿಸಿಕೊಂಡವರು ಎಲ್ಲೇ ಇರಲಿ, ಇದ್ದೀನಿ ಅನ್ನಬೇಕು. ಇದ್ದೀನಿ ಅನ್ನದವರನ್ನು ತರಲು ಯಾರಾದರೂ ಒಳಗೆ ಹೋಗಬೇಕು. ಮಾತು ಕಲಿತ ಮಗುವಿಗೆ ಮೊದಲು ಇದನ್ನೇ ಕಲಿಸುವುದು: ನಿನ್ನ ಹೆಸರು ಕೇಳಿದರೆ ಇದ್ದೀನಿ ಅನ್ನು.

ಅವತ್ತೂ ಹಾಗೇ. ಹತ್ತು ಜನ ಹೊರಗೆ ಬಂದು ಬಾಗಿಲಲ್ಲೇ ನಿಂತು ಶುರು ಮಾಡಿದರು. ಹೆರ್ಮಿನಾ! ಇದ್ದೀನಿ. ಮಾರ್ಗಿತಾ! ಇದ್ದೀನಿ. ಎತೆಲಾ! ಬರ್ತಿದ್ದೀನಿ ಕಣ್ರೇ, ರೈಲು ಹೊರಟಿದೆಯಾ? ಹಿಂದಿನವರು ತಳ್ಳಿದರು. ಮುಂದಿನವರು ಅಲುಗಲಿಲ್ಲ. ಭುಜಕ್ಕೆ ಭುಜ ಸಿಕ್ಕಿಕೊಂಡು ಬಾಗಿಲಿಗೆ ಕಮಾನು ಕಟ್ಟಿದ ಹಾಗಾಯಿತು. ಮೂರು ನಿಮಿಷ ನಲವತ್ತು ಸೆಕೆಂಡು.

"ನಿಲ್ಲಬಾರದು!" ವ್ರಾಬೆಲ್ ಕಿರುಚಿದ. "ಯಾರ ಹೆಸರನ್ನೂ ಕೂಗಬಾರದು. ತಿರುಗಿ ನೋಡಬಾರದು. ನಿಮ್ಮ ಕಾಲು ನೀವು ನೋಡ್ಕೊಳ್ಳಿ. ಹೊರಗೆ ಎಳೆದಿರೋ ಹಳದಿ ಗೆರೆಗೆ ಹೋಗಿ ನಿಲ್ಲಿ. ಇದು ಬಳಸೋಕೆ ಯೋಗ್ಯವಲ್ಲ, ಅಳಿಸಿ."

ಮತ್ತೆ ಗಂಟೆ. ಮತ್ತೆ ಓಡು. ಮತ್ತೆ ಹೆಸರು. ಮೂರು ದಿನ ಹಾಗೇ. ಕಾಲು ಊದಿದವು. ಅಂಗಾಲಿನಲ್ಲಿ ಗುಳ್ಳೆ ಎದ್ದವು. ಬಸುರಿಯೊಬ್ಬಳು ಗೋಡೆಗೆ ಒರಗಿ ಕೂತಳು, ಟೊಪ್ಪಿ ಹಂಚಿದ ಹುಡುಗಿ ಬಂದು ಎಬ್ಬಿಸಿದಳು, ಗೋಡೆ ಅಲ್ಲಾಡುತ್ತದಂತೆ. ಆ ಮೂರು ದಿನದ ಚಿತ್ರವೆಲ್ಲ ಅಳಿಸಿಹೋಯಿತು. ಯಾರೊಕಿನವರು ನಿಜವಾಗಿ ನಡೆದದ್ದು ಆ ಮೂರು ದಿನ ಮಾತ್ರ.

ನಾಲ್ಕನೇ ದಿನ ವ್ರಾಬೆಲ್ ದೆಜೊನನ್ನು ಪಕ್ಕಕ್ಕೆ ಕರೆದ.

"ಇವರು ನಿಮ್ಮ ಮಾತು ಕೇಳ್ತಾರೆ, ಪಾನ್ ಟುಲೆಯ್. ನೀವು ಹೇಳಿಕೊಡಿ."

ಅಷ್ಟೇ. ಒಂದು ಕೆಂಪು ಟೊಪ್ಪಿ, ಒಂದು ಪಾನ್. ದೆಜೊ ಆಕಾಶಕ್ಕೆ ಏಣಿ ಹಾಕಿದ. ಅವತ್ತಿನಿಂದ ಅವನು ಸೇನಾಪತಿ. ಯಾರು ಹೆಸರು ಕೂಗಿದರೂ ಕುತ್ತಿಗೆಗೆ ಏಟು. ಯಾರು ತಿರುಗಿದರೂ ಬೈಗುಳ. "ಚುಕ್ಕೆ ಆಗ್ರೋ, ಚುಕ್ಕೆ! ಚುಕ್ಕೆಗೆ ಅಮ್ಮ ಇಲ್ಲ, ಅಪ್ಪ ಇಲ್ಲ!" ಜನ ನಕ್ಕರು. ನಗುತ್ತ ಕಲಿತರು. ಒಂದು ನಿಮಿಷ ಐವತ್ತಕ್ಕೆ ಇಳಿಯಿತು. ಆಮೇಲೆ ಇಳಿಯಲಿಲ್ಲ. ಎತೆಲ ಮತ್ತು ಅವಳ ಓರಗೆಯ ಮೂವರು ಮುದುಕಿಯರು ಬಾಗಿಲಿಗೆ ಬರುವ ಹೊತ್ತಿಗೆ ಹಿಂದೆ ಸಾಲು ಕಟ್ಟುತ್ತಿತ್ತು.

"ಒಂದು ನಿಮಿಷದೊಳಗೆ ಆಗಬೇಕು," ಅಂದ ವ್ರಾಬೆಲ್. "ಇಲ್ಲದಿದ್ರೆ ಎಲ್ಲ ವ್ಯರ್ಥ."

ಒಂಬತ್ತನೇ ದಿನ ಬೆಳಿಗ್ಗೆ ದೆಜೊ ನಾಲ್ವರು ಮುದುಕಿಯರನ್ನೂ ಹಿತ್ತಲ ಕಡೆಯಿಂದ ಮನೆಗೆ ಕಳಿಸಿದ.

"ಚಿಕ್ಕಮ್ಮಾ, ನಿನ್ನ ಸೊಂಟ ನೋಯತ್ತೆ. ಹೋಗು, ಮಲಕ್ಕೋ."

"ನನ್ನ ಸೊಂಟದ ಮೇಲೆ ಇವತ್ತು ಪ್ರೀತಿ ಬಂತೇನೋ?" ಎತೆಲ ಟೊಪ್ಪಿ ಬಿಚ್ಚಿ ಅವನ ಕೈಗಿಟ್ಟಳು. "ಇದನ್ನ ಹಾಕ್ಕೊಳ್ಳೋನಿಗೆ ಹೇಳು, ನಿಧಾನ ನಡೀಲಿ. ನನ್ನ ಮರ್ಯಾದೆ ಪ್ರಶ್ನೆ."

ಆ ನಾಲ್ಕು ಟೊಪ್ಪಿಗಳನ್ನು ಯಾರೊಕಿನ ನಾಲ್ಕು ಚುರುಕು ಪಡ್ಡೆ ಹುಡುಗರ ತಲೆಗೆ ಹಾಕಿದ್ದಾಗಿ ದೆಜೊ ಆಮೇಲೆ ಕೇರಿಯಲ್ಲಿ ಹೇಳಿದ. ತಾನು ಕೆಂಪು ಟೊಪ್ಪಿಯಲ್ಲಿ ಹಳದಿ ಗೆರೆಯ ಬಳಿ ನಿಂತು ನಡೆಸಿದ್ದಾಗಿಯೂ ಹೇಳಿದ. ಐವತ್ತೆಂಟು ಸೆಕೆಂಡು! ವ್ರಾಬೆಲ್ ಚಪ್ಪಾಳೆ ತಟ್ಟಿದ. ಕಾಗದವೊಂದನ್ನು ಮುಂದಿಟ್ಟ. ಎಂಬತ್ತು ಜನರೂ ಅವರವರ ಟೊಪ್ಪಿಯಲ್ಲೇ ನಡೆದರು ಅಂತ ಅದರಲ್ಲಿ ಬರೆದಿತ್ತು. ದೆಜೊ ಸಹಿ ಹಾಕಿದ.

ಆಮೇಲೆ ವ್ರಾಬೆಲ್ ತನ್ನ ಕೈಯಾರೆ ಅವನಿಗೆ ಕಾಫಿ ಕೊಟ್ಟ. ಪಿಂಗಾಣಿ ಕಪ್ಪಿನಲ್ಲಿ.

ಇದು ಅರ್ಥವಾಗಬೇಕಾದರೆ ಪಟ್ಟಣದ ಹೆಂಡದಂಗಡಿಗೆ ಹೋಗಬೇಕು. ಅಲ್ಲಿ ಪಟ್ಟಣದವರಿಗೆ ಗಾಜಿನ ಲೋಟ. ಯಾರೊಕಿನವರಿಗೆ ಕುಡಿದು ಎಸೆಯುವ ಪ್ಲಾಸ್ಟಿಕ್ ಲೋಟ. ಅದೂ ಬಾಗಿಲಾಚೆ. ದೆಜೊನ ಅಪ್ಪ ಹಾಗೇ ಕುಡಿದು ಸತ್ತ. ಅಜ್ಜ ಬೊಗಸೆಯಲ್ಲಿ ಕುಡಿದು ಸತ್ತ. ದೆಜೊನ ಕೈಯಲ್ಲಿ ಪಿಂಗಾಣಿ ಕಪ್ಪು, ಕಪ್ಪಿಗೆ ಕಿವಿ, ಅಂಚಿಗೆ ಚಿನ್ನದ ಗೆರೆ. ಅವನು ಆ ಕಾಫಿಯನ್ನು ಮುಕ್ಕಾಲು ಗಂಟೆ ಕುಡಿದ. ತಣ್ಣಗಾದದ್ದೂ ತಿಳಿಯಲಿಲ್ಲ.

ಚುಕ್ಕೆಗಳು ಕಲಿತವು. ಕಟ್ಟಡಕ್ಕೆ ಒಂದೇ ಬಾಗಿಲು ಸಾಕು ಅಂತ ಮಾದರಿ ಹೇಳಿತು. ಹಿಂದಿನ ಬಾಗಿಲಿದ್ದ ಜಾಗಕ್ಕೆ ಇಟ್ಟಿಗೆ ಕಟ್ಟಿ ಬಟ್ಟೆ ಒಣಗಿಸುವ ಎರಡು ಯಂತ್ರ ನಿಲ್ಲಿಸಿದರು. ಉಳಿದ ಒಂದು ಬಾಗಿಲಿನ ಪಕ್ಕ ಗಾಜು ಹಾಕಿದ ನಕ್ಷೆ ತೂಗುಹಾಕಿದರು: ಬಾಣದ ಗುರುತು, ಚುಕ್ಕೆಗಳು, ಕೆಳಗೆ ದಪ್ಪಗೆ ಐವತ್ತೆಂಟು. ಹೊರಗೆ ಗೋಡೆಯ ತಿರುವಿನಾಚೆ ಇಲ್ಲೂ ಒಂದು ಹಳದಿ ಗೆರೆ ಎಳೆದರು. ದೆಜೊನಿಗೆ ಅಲ್ಲೇ ಗಾಡಿಗೆ ಬಟ್ಟೆ ತುಂಬುವ ಕೆಲಸ. ಬಂದವರಿಗೆಲ್ಲ ನಕ್ಷೆ ತೋರಿಸುತ್ತಿದ್ದ. "ಇದು ನಂದು. ಕಟ್ಟಡ ಅವರದ್ದು, ಬಾಗಿಲು ನಂದು."

ಒಳಗೆ ಎತೆಲ ಇಸ್ತ್ರಿ ಮಾಡುವ ಬಿಸಿ ಉರುಳೆಯಿಂದ ಬೀಳುವ ಚಾದರ ಮಡಿಸುತ್ತಿದ್ದಳು. ಎಂಟು ಗಂಟೆ ನಿಂತೇ. ಉಗಿಗೆ ಉಸಿರು ಕಟ್ಟುತ್ತಿತ್ತು. ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿದ್ದವು. ಯಾರೋ ಮಲಗಿ ಎದ್ದ ಹಾಸಿಗೆಯ ಬಟ್ಟೆ ಅಷ್ಟು ಬೆಳ್ಳಗೆ. ಅವಳ ಸ್ವಂತ ಹಾಸಿಗೆಗೆ ಚಾದರವೇ ಇರಲಿಲ್ಲ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಹತ್ತಕ್ಕೆ ಒಣಗಿಸುವ ಯಂತ್ರದಲ್ಲಿ ತುಂಬಿದ್ದ ನೂಲಿನ ಧೂಳಿಗೆ ಕಿಡಿ ಬಿತ್ತು.

ಆಮೇಲೆ ನಡೆದದ್ದನ್ನು ದೆಜೊ ಮೂರು ವಾರ ಯಾರೊಕಿನ ನಲ್ಲಿಯ ಬಳಿ ಹೇಳಿದ. ಏಳು ಹೆಂಗಸರನ್ನು ಹೊತ್ತು ತಂದನಂತೆ. ಎಡ ಭುಜದ ಮೇಲೆ ಇಬ್ಬರು, ಬಲ ಭುಜದ ಮೇಲೆ ಇಬ್ಬರು, ಕಂಕುಳಲ್ಲಿ ಒಂದೊಂದು. ಏಳನೆಯವಳನ್ನು ಕಾಲರ್ ಕಚ್ಚಿಕೊಂಡು ಹಲ್ಲಿನಿಂದ ಎಳೆದು ತಂದನಂತೆ. ಅದಕ್ಕೇ ತನ್ನ ಹೆಸರು ಕೂಗಿದಾಗ ಇದ್ದೀನಿ ಅನ್ನಲು ಆಗಲಿಲ್ಲವಂತೆ. ಬಾಯಿ ತುಂಬ ಕಾಲರ್. ಜನ ಕೇಳಿದರು. ಮೊದಲಿನ ಹಾಗೆ ನಗಲಿಲ್ಲ. ಆ ಏಳು ಜನ ಯಾರು ಅಂತಲೂ ಯಾರೂ ಕೇಳಲಿಲ್ಲ. ಎರಡು ಹೆಣ ಮಣ್ಣಾಗಿದ್ದವು. ಒಂದು ಎತೆಲಳದ್ದು. ಇನ್ನೊಂದು ಹೆರ್ಮಿನಾಳದ್ದು.

"ಮಾದರಿ ತಪ್ಪಲಿಲ್ಲ," ಅಂದ ವ್ರಾಬೆಲ್ ಈಗ ವೇದಿಕೆಯಲ್ಲಿ. "ಜನ ತಪ್ಪಿದರು. ಪರೀಕ್ಷೆಯಲ್ಲಿ ಎಲ್ಲ ವಯಸ್ಸಿನವರೂ ಐವತ್ತೆಂಟು ಸೆಕೆಂಡಿನಲ್ಲಿ ಹೊರಗೆ ಬಂದಿದ್ದಾರೆ. ಬಾಗಿಲು ಸಾಕಾಗಿತ್ತು. ಆ ದಿನ ಈಕೆ ಬಾಗಿಲಲ್ಲಿ ಅಡ್ಡ ನಿಂತರು. ಅದರಿಂದ ನೂಕಾಟ ಆಯ್ತು. ಹನ್ನೊಂದು ಜನ ಗಾಯಗೊಂಡರು, ಇಬ್ಬರು ಸತ್ತರು."

ಅಧ್ಯಕ್ಷೆ ಮಾರ್ಗಿತಾಳ ಕಡೆ ತಿರುಗಿದಳು. ಎಲ್ಲರಿಗೂ ಗೊತ್ತಿತ್ತು. ತಪ್ಪು ಅವಳದ್ದೇ ಅಂತ ಆಯೋಗ ಬರೆದುಕೊಟ್ಟರೆ ಅವಳು ಜೈಲಿಗೆ. ಮನೆಯಲ್ಲಿ ಮೂರು ಮಕ್ಕಳು.

"ನಿಲ್ಲಬಾರದು ಅಂತ ನಿಮಗೆ ಹೇಳಿದ್ರಾ?"

"ಹೇಳಿದ್ರು."

"ಮತ್ತೆ ಯಾಕೆ ನಿಂತ್ರಿ?"

"ಹೆಸರು ಕೂಗೋಕೆ."

"ಹೆಸರು ಕೂಗಿ ಏನು ಪ್ರಯೋಜನ?"

ಮಾರ್ಗಿತಾ ಅವಳನ್ನೇ ನೋಡಿದಳು. "ಹೊಗೇಲಿ ಕಣ್ಣು ಕಾಣಲ್ಲಮ್ಮ. ನಮ್ಮಮ್ಮಂಗೆ ಬಾಗಿಲು ಯಾವ ಕಡೆ ಅಂತ ಗೊತ್ತಾಗಬೇಕಲ್ಲ. ನಾನು ಕೂಗಿದೆ. ಅವಳು ಬರ್ತಿದ್ದೀನಿ ಅಂದಳು. ಮತ್ತೆ ಕೂಗಿದೆ. ಮತ್ತೆ ಅಂದಳು, ಹತ್ತಿರ ಕೇಳಿಸ್ತು. ನಾಲ್ಕನೇ ಸಲ ಅನ್ನಲಿಲ್ಲ."

"ಹೆರ್ಮಿನಾ ಹೊರಗೆ ಬಂದಿದ್ದರು. ಮತ್ತೆ ಯಾಕೆ ಒಳಗೆ ಹೋದ್ರು?"

"ಇನ್ನೊಂದು ಹೆಸರಿಗೆ ಉತ್ತರ ಬರಲಿಲ್ಲ. ಹುಡುಕೋಕೆ ಹೋದಳು."

"ಯಾರ ಹೆಸರು?"

ಮಾರ್ಗಿತಾ ನೆಲ ನೋಡಿದಳು. "ನೆನಪಿಲ್ಲ."

ದೆಜೊ ಕೈಗಳನ್ನು ಜೇಬಿನ ಇನ್ನಷ್ಟು ಆಳಕ್ಕೆ ತಳ್ಳಿದ.

"ನೋಡಿ," ಅಧ್ಯಕ್ಷೆಯ ದನಿ ಮೆತ್ತಗಾಯಿತು. "ತಪ್ಪಾಯ್ತು ಅಂತ ನೀವೇ ಒಪ್ಪಿಕೊಂಡ್ರೆ ಶಿಕ್ಷೆ ಕಡಿಮೆ ಆಗಬಹುದು. ಒಂದು ಸಹಿ ಸಾಕು."

"ಒಪ್ಪಲ್ಲ."

"ಯೋಚನೆ ಮಾಡಿ."

"ಮಾಡೇ ಹೇಳ್ತಿದ್ದೀನಿ. ನಮ್ಮಮ್ಮನ ಹೆಸರು ಕೂಗಿದ್ದು ತಪ್ಪು ಅಂತ ನಾನು ಬರ್ಕೊಡಲ್ಲ. ಜೈಲಿಗೆ ಹಾಕಿ. ಅಲ್ಲೂ ಕೂಗ್ತೀನಿ."

ಹಿಂದಿನಿಂದ ಒಬ್ಬ ಮುದುಕ ಕೋಲಿನಿಂದ ನೆಲ ಕುಟ್ಟಿದ. ಇನ್ನೊಬ್ಬ ಕುಟ್ಟಿದ. ಪೊಲೀಸಿನವನು ತಿರುಗಿ ನೋಡಿದ ಮೇಲೆ ನಿಂತಿತು.

ಈಗ ದೆಜೊನ ಸರದಿ. ವೇದಿಕೆ ಹತ್ತಿ ಮೇಜಿನ ಮುಂದೆ ನಿಂತ. ಅವನಿಗಾಗಿ ವ್ರಾಬೆಲ್ ಹಿಂದಿನ ದಿನವೇ ಮಾತು ಸಿದ್ಧ ಮಾಡಿಕೊಟ್ಟಿದ್ದ. ಮತ್ತೆ ಕಾಫಿ, ಅದೇ ಕಪ್ಪು. ನಾನು ಚೆನ್ನಾಗಿ ಕಲಿಸಿದ್ದೆ, ಇವರೇ ಮೀರಿದರು. ಇಷ್ಟು ಹೇಳಿದರೆ ಆಯಿತು.

"ನೀವೇನಾ ಇವರಿಗೆ ತರಬೇತಿ ಕೊಟ್ಟಿದ್ದು?"

"ನಾನೇ ತಾಯೀ." ದೆಜೊನ ನಾಲಿಗೆ ಹಳೆಯ ದಾರಿ ಹಿಡಿಯಿತು. ಅದಕ್ಕೆ ಬೇರೆ ದಾರಿ ಗೊತ್ತಿರಲಿಲ್ಲ. "ನಾಲ್ಕು ಸಾವಿರದ ಮುನ್ನೂರು ಸಲ ಓಡಿಸಿದ್ದೀನಿ. ಕುರಿ ಮಂದೆ ಕೊಟ್ರೂ ಐವತ್ತೆಂಟು ಸೆಕೆಂಡಿಗೆ ಹೊರಗೆ ತರ್ತೀನಿ. ಹಾಗೆ ಕಲಿಸಿದ್ದೆ. ಮುದುಕೀರು ಜಿಂಕೆ ಥರ ಬರ್ತಿದ್ರು."

"ಜಿಂಕೆ ಥರ!" ಅಂದಳು ಮಾರ್ಗಿತಾ. ಹೆಚ್ಚೇನೂ ಅನ್ನಲಿಲ್ಲ.

"ಆ ಚಿತ್ರ ಇದೆ," ಅಂದ ವ್ರಾಬೆಲ್. "ಆಯೋಗ ನೋಡಲಿ. ಮೃತ ಎತೆಲ ಅವರ ನಂಬರು ಮೂವತ್ತೊಂದು. ಅವರನ್ನೇ ಗಮನಿಸಿ."

ದೀಪ ಆರಿಸಿದರು. ಗೋಡೆಯ ಮೇಲೆ ಹಾಲ್ ಮೂಡಿತು, ಮೇಲಿನಿಂದ ಕಂಡ ಹಾಗೆ. ಮುಖಗಳಿಲ್ಲ. ಎಂಬತ್ತು ಬಿಳಿ ಗುಂಡು, ಗುಂಡಿನ ಮೇಲೆ ನಂಬರು. ಗಂಟೆಯ ಶಬ್ದ. ಗುಂಡುಗಳು ಹರಿದವು, ಹಿಟ್ಟಿನ ಚೀಲಕ್ಕೆ ತೂತಾದ ಹಾಗೆ ಬಾಗಿಲಿಂದ ಸುರಿದವು. ಯಾವುದೂ ನಿಲ್ಲಲಿಲ್ಲ. ಮೂವತ್ತೊಂದು ಎಡಗಡೆಯಿಂದ ನುಗ್ಗಿತು. ಇಬ್ಬರ ನಡುವೆ ನುಸುಳಿತು. ಬಾಗಿಲಿಗೆ ಬಂತು.

ಟೊಪ್ಪಿಯ ಪಕ್ಕದಿಂದ ಉದ್ದನೆಯ ಕೈಯೊಂದು ಮೇಲೆದ್ದು ಬಾಗಿಲಿನ ಮೇಲಿನ ಪಟ್ಟಿಗೆ ಏಟು ಹಾಕಿತು.

ಫಟ್.

ಹಿಂದಿನ ಸಾಲಿನಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು, ತಡೆಯಲಾಗದೆ. ಕೂಡಲೇ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ನಿಲ್ಲಿಸಿ," ಅಂದಳು ಮಾರ್ಗಿತಾ. ಎದ್ದು ನಿಂತಿದ್ದಳು. "ಹಿಂದಕ್ಕೆ ಹೋಗಿ. ಅಲ್ಲಿ. ನಮ್ಮಮ್ಮ ಸ್ಟೂಲ್ ಹತ್ತಿದ್ರೂ ಬಾಗಿಲ ಪಟ್ಟಿ ಮುಟ್ಟುತ್ತಿರಲಿಲ್ಲ. ದೆಜೊ ಅಣ್ಣಾ, ಅದು ಯಾರ ಕೈ?"

"ಯಾರೋ ಹುಡುಗ ಇರಬೇಕು," ಅಂದ ವ್ರಾಬೆಲ್ ಬೇಗನೆ. "ಪಾನ್ ಟುಲೆಯ್, ಟೊಪ್ಪಿ ಅದಲುಬದಲಾಗಿರಬಹುದು, ಅಲ್ವಾ? ಯಾರೋ ಹುಡುಗ ತುಂಟತನ ಮಾಡಿದ್ದಾನೆ."

ದಾರಿ ತೆರೆದಿತ್ತು. ಅಗಲವಾದ ದಾರಿ. ಹೌದು ಅಂದರೆ ಮುಗಿಯಿತು. ಪಡ್ಡೆ ಹುಡುಗರು ನಾಲ್ಕು ಏಟು ತಿನ್ನುತ್ತಾರೆ. ಬಾಗಿಲು ಸರಿ ಇತ್ತು ಅನ್ನುವುದು ಹಾಗೇ ಉಳಿಯುತ್ತದೆ. ಮಾರ್ಗಿತಾ ಜೈಲಿಗೆ ಹೋಗುತ್ತಾಳೆ.

ದೆಜೊ ಎರಡೂ ಕೈಗಳನ್ನು ಜೇಬಿನಿಂದ ತೆಗೆದ. ಬಲಗೈಯನ್ನು ಮೇಜಿನ ಮೇಲೆ ಇಟ್ಟ, ಬೇರೆಯವರ ವಸ್ತು ಹಿಂತಿರುಗಿಸಿದ ಹಾಗೆ.

"ನಂದು," ಅಂದ.

"ಏನು ನಿಮ್ಮದು?"

"ಕೈ. ಮೂವತ್ತೊಂದು ನಾನು. ಪಡ್ಡೆಗಳು ಮೂವರೇ ಸಿಕ್ಕಿದ್ರು. ಒಂದು ಟೊಪ್ಪಿ ಉಳೀತು. ನಾನೇ ಹಾಕ್ಕೊಂಡೆ. ಚಿಕ್ಕಮ್ಮ ಆ ಚಿತ್ರದಲ್ಲಿ ಇಲ್ಲ. ಆ ನಾಲ್ಕು ಮುದುಕೀರು ಯಾರೂ ಇಲ್ಲ. ಅವರಿದ್ದಾಗ ಒಂದು ನಿಮಿಷ ಐವತ್ತು ಆಗ್ತಿತ್ತು, ಅದೂ ಯಾರೂ ಹೆಸರು ಕೂಗದಿದ್ರೆ. ಕೂಗಿದ್ರೆ ಮೂರು ನಿಮಿಷ ನಲವತ್ತು. ಆ ಚಿತ್ರಾನ ಇವರು ಅಳಿಸಿದ್ರು. ನಿಮ್ಮ ಯಂತ್ರದೊಳಗೆ ಅರವತ್ತನಾಲ್ಕು ವರ್ಷದ ಹೆಂಗಸು ಅಂತ ಓಡ್ತಿದೆಯಲ್ಲ ಚುಕ್ಕೆ, ಅದು ನಾನು."

"ಪಾನ್ ಟುಲೆಯ್..."

"ಹಾಗನ್ನಬೇಡಿ!" ದೆಜೊ ಕಿರುಚಿದ. ಆಮೇಲೆ ದನಿ ಇಳಿಯಿತು. "ಹಾಗೆ ಅನ್ನಿಸಿಕೊಳ್ಳೋಕೇ ಮಾಡಿದ್ದು. ಇನ್ನು ಅನ್ನಬೇಡಿ."

ಅಧ್ಯಕ್ಷೆ ಬರೆದುಕೊಳ್ಳುತ್ತಿದ್ದಳು. "ಅಂದ್ರೆ ನಾಲ್ಕು ಸಾವಿರ ಸಲ..."

"ಸುಳ್ಳು. ಒಂಬತ್ತು ದಿನ. ನೂರ ಹನ್ನೆರಡು ಸಲ. ಒಂದರಲ್ಲೂ ಬೆಂಕಿ ಇರಲಿಲ್ಲ."

"ಆ ಏಳು ಜನ?" ಹಿಂದಿನ ಸಾಲಿನಿಂದ ಕೋಲಿನ ಮುದುಕ ಕೇಳಿದ. ಹೆರ್ಮಿನಾಳ ಅಪ್ಪ. "ಹೊತ್ತು ತಂದೆಯಲ್ಲೋ, ಏಳು ಜನ. ಅವರು ಯಾರೋ?"

ದೆಜೊ ಅವನ ಕಡೆ ತಿರುಗಲಿಲ್ಲ. ಮಾರ್ಗಿತಾಳನ್ನು ನೋಡಿದ. ಅವಳು ಬೇಡ ಅನ್ನುವ ಹಾಗೆ ತಲೆ ಆಡಿಸಿದಳು. ಮೂರು ವಾರದಿಂದ ಅವಳಿಗೆ ಗೊತ್ತಿತ್ತು. ಹೇಳಿರಲಿಲ್ಲ.

"ಯಾರೂ ಇಲ್ಲ," ಅಂದ. "ನಾನು ಬಾಗಿಲಿಗೆ ಮೂರು ಹೆಜ್ಜೆ ದೂರ ಇದ್ದೆ. ಹೊಗೆ ಕಂಡ ಕೂಡಲೇ ಹೊರಗೆ ಬಂದೆ. ಎಲ್ಲರಿಗಿಂತ ಮೊದಲು. ನಿಲ್ಲಲಿಲ್ಲ. ತಿರುಗಿ ನೋಡಲಿಲ್ಲ. ಹಳದಿ ಗೆರೆಗೆ ಹೋಗಿ ನಿಂತೆ. ಈ ಇಂಜಿನಿಯರ್ ಸಾಹೇಬರ ಕಂಪ್ಯೂಟರು ಹೇಳಿದ ಹಾಗೆ ಆವತ್ತು ನಡೆದೋನು ನಾನೊಬ್ಬನೇ. ಗೆರೆ ಮೇಲೆ ಬೇರೆ ಯಾರೂ ಇರಲಿಲ್ಲ."

ಮೇಜಿನ ಮೇಲಿದ್ದ ಕೈಯನ್ನೇ ನೋಡುತ್ತ ಅವನು ಮುಂದುವರಿಸಿದ.

"ಮಾರ್ಗಿತಾ ಕೂಗ್ತಿದ್ದಳು. ಒಬ್ಬೊಬ್ಬರೂ ಇದ್ದೀ‌ನಿ ಅಂದ್ರು. ಆಮೇಲೆ ನನ್ನ ಹೆಸರು ಕೂಗಿದಳು. ದೆಜೋ ಅಂತ. ನಲವತ್ತು ಹೆಜ್ಜೆ ದೂರ, ಗೋಡೆ ಮೂಲೆ ಆಚೆ, ಅವಳಿಗೆ ನಾನು ಕಾಣ್ತಿರಲಿಲ್ಲ. ಮೂರು ಸಲ ಕೂಗಿದಳು. ಮೂರೂ ಸಲ ಕೇಳಿಸ್ತು. ಉತ್ತರ ಕೊಟ್ರೆ ಗೊತ್ತಾಗ್ಬಿಡತ್ತೆ ಅನ್ನಿಸ್ತು, ಮೊದಲು ಓಡಿ ಬಂದೋನು ನಾನು ಅಂತ. ಹೆರ್ಮಿನಾ, 'ಅಯ್ಯೋ, ಆ ಉದ್ದನೆಯವನು ಒಳಗೇ ಇದ್ದಾನೆ' ಅಂದಳು. ಅದೂ ಕೇಳಿಸ್ತು. ಹಾಗೆ ಅಂದೋಳೇ ಒಳಗೆ ಹೋದಳು."

ಈಗ ಅವನು ಹೆರ್ಮಿನಾಳ ಅಪ್ಪನ ಕಡೆ ತಿರುಗಿದ.

"ಹುಟ್ಟಿದಾಗಿನಿಂದ ನಾನು ಬಾಯಿ ಮುಚ್ಚಿದೋನಲ್ಲ. ಆವತ್ತೊಂದು ದಿನ ಮುಚ್ಚಿದ್ದೆ."